ಬರೆಯುವುದು ಹ್ಯಾಪಿಸ್‌ಬರ್ಗ್

ಬ್ರಾಡ್‌ಫರ್ಡ್, ಇಂಗ್ಲೆಂಡ್
1 ಸೆಪ್ಟೆಂಬರ್ 2024

ಗುರುಗಳಾದ ಬಸಂತರಾಯ ಇಂಗಳೇಶ್ವರ ಸರ್ ಅವರಿಗೆ,

ನಿಮ್ಮ ಷರತ್ತಿನಂತೆ ಕೈಯಿಂದ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆರು ವರ್ಷದಿಂದ ನಿಮಗೆ ಕಿವಿ ಏನೂ ಕೇಳುವುದಿಲ್ಲ, ಫೋನು ಇಟ್ಟುಕೊಂಡಿಲ್ಲ, ಕಾಗದ ಬರೆದರೆ ಮಾತ್ರ ಉತ್ತರ ಸಿಗುತ್ತದೆ ಎಂದು ನಿಮ್ಮ ಮನೆಯವರು, ಇಂದುಬಾಯಿಯವರು ಹೇಳಿದ್ದರು. ತುರ್ತು ಬಿದ್ದರೆ ಇರಲಿ ಎಂದು ನನ್ನ ನಂಬರನ್ನು ಕೊನೆಯಲ್ಲಿ ಬರೆದಿದ್ದೇನೆ.

ನಾನು ಬಂದು ಹನ್ನೊಂದು ತಿಂಗಳಾಯಿತು. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸ್. ಇರುವವರು ಮೂವತ್ತೆರಡು ಮಂದಿ. ಕೆಲಸದವರಲ್ಲಿ ಕೇರಳದವರು, ಫಿಲಿಪ್ಪೀನ್ಸಿನವರು, ನೈಜೀರಿಯಾದವರು ಇದ್ದಾರೆ. ಇಂಗ್ಲಿಷರು ಮೂವರೇ, ಅವರೂ ಇದೇ ಊರಿನವರು.

ಬಂದ ಮೊದಲ ವಾರದ ಒಂದು ಸಂಗತಿ ಹೇಳಬೇಕು. ಬಸ್ಸಿನ ಬೋರ್ಡ್ ಓದಿ, ಡ್ರೈವರಿಗೆ 'ಕೀಘ್ಲೆಗೆ ಒಂದು ಟಿಕೆಟ್' ಎಂದೆ. ಅವನು ಮೂರು ಸಲ 'ಎಲ್ಲಿಗೆ?' ಅಂದ. ಕೊನೆಗೆ ಬೋರ್ಡಿನತ್ತ ಕೈ ತೋರಿಸಿದೆ. 'ಓ, ಕೀತ್ಲಿ, ಲವ್' ಎಂದ. 'ಲವ್' ಅಂದದ್ದಕ್ಕೆ ಗಾಬರಿಯಾದೆ. ಆಮೇಲೆ ತಿಳಿಯಿತು, ಇಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಹಾಗೇ ಅನ್ನುತ್ತಾರೆ, ನಮ್ಮಲ್ಲಿ 'ಯವ್ವಾ' ಅಂದ ಹಾಗೆ. ಆದರೆ 'ಘ'ಕಾರ 'ತ'ಕಾರ ಹೇಗಾಯಿತೋ ಇನ್ನೂ ತಿಳಿದಿಲ್ಲ. ಸಿಂದಗಿಯ ಹೈಸ್ಕೂಲಿನಲ್ಲಿ ನೀವು 'ಅಕ್ಷರ ಇದ್ದಂಗ ಓದು' ಎಂದು ಕಲಿಸಿದವರು. ನಮ್ಮೂರು ಯಂಕಂಚಿಯಿಂದ ನಡೆದು ಬಂದು ಮೂರನೇ ಬೆಂಚಿನಲ್ಲಿ ಕೂತು ಹಾಗೇ ಕಲಿತೆ. ಇಲ್ಲಿ ಅದು ನಡೆಯುವುದಿಲ್ಲ.

ಇನ್ನೊಂದು ಹೆಸರಿನ ಅರ್ಥ ಕೇಳಬೇಕಿತ್ತು. ನನ್ನ ಪಾಳಿಯಲ್ಲಿ ಎನಿಡ್ ಲಾರ್ಟರ್ ಎಂಬ ಅಜ್ಜಿ ಇದ್ದಾರೆ. ತೊಂಬತ್ತೊಂದು ವರ್ಷ. ಮಕ್ಕಳಿಲ್ಲ, ಗಂಡ ಇಲ್ಲ. ಫೆಬ್ರವರಿಯಲ್ಲಿ ಲಕ್ವ ಹೊಡೆದು ಬಾಯಿ ಒಂದು ಕಡೆ ಎಳೆದಿದೆ, ಮಾತು ಆಗೊಮ್ಮೆ ಈಗೊಮ್ಮೆ ಮಾತ್ರ ಸ್ಪಷ್ಟ. ಕಿವಿಯೂ ಮಂದ. ಹಾಸಿಗೆಯ ಎದುರಿನ ಗೋಡೆಗೆ ಒಂದು ಹಳೆಯ ಚಿತ್ರದ ಕಾರ್ಡ್ ಅಂಟಿಸಿಕೊಂಡಿದ್ದಾರೆ. ಹಡಗುಗಳಿಗೆ ದಾರಿ ತೋರುವ ಬಿಳಿಯ ದೀಪಸ್ತಂಭ, ಅದಕ್ಕೆ ಕೆಂಪು ಪಟ್ಟಿ. ಕೆಳಗೆ ಊರ ಹೆಸರು: ಎಚ್, ಎ, ಎರಡು ಪಿ, ಐ, ಎಸ್, ಬಿ, ಯು, ಆರ್, ಜಿ, ಎಚ್. ಹ್ಯಾಪಿಸ್‌ಬರ್ಗ್. 'ಸಂತೋಷದ ಊರು' ಎಂದೇ ಇರಬೇಕಲ್ಲವೇ? ದಿನಾ ಬೆಳಿಗ್ಗೆ ಪರದೆ ಸರಿಸುವಾಗ 'ಹ್ಯಾಪಿಸ್‌ಬರ್ಗ್ ಬಹಳ ಚೆಂದ' ಅನ್ನುತ್ತೇನೆ. ಅದು ಯಾವ ಊರೋ ಎಂಬಂತೆ ಅಜ್ಜಿ ನನ್ನನ್ನು ನೋಡುತ್ತಾರೆ.

ಅಜ್ಜಿಗೆ ಒಂದೇ ಹಂಬಲ. ಕೈ ಹಿಡಿದು 'ಹಿಜ್ ಬ್ರ…' ಎಂದು ಶುರು ಮಾಡುತ್ತಾರೆ, ಮುಂದೆ ಬಾಯಿ ತಿರುಗುವುದಿಲ್ಲ. 'ಹಿಜ್ ಬ್ರದರ್', ಅಂದರೆ 'ಅವನ ತಮ್ಮ', ಗಂಡನ ತಮ್ಮ ಎಂದಿರಬೇಕು. ಗಂಡನಿಗೆ ಕೆನಡಾದಲ್ಲಿ ಲೆನರ್ಡ್ ಎಂಬ ತಮ್ಮ ಇದ್ದದ್ದು ಕಡತದಲ್ಲಿದೆ. ಅವರನ್ನು ಹುಡುಕುತ್ತಿದ್ದೇವೆ. ಸಿಕ್ಕರೆ ಅಜ್ಜಿಗೆ ಸಮಾಧಾನವಾದೀತು.

ಇಂದುಬಾಯಿಯವರಿಗೆ ನಮಸ್ಕಾರ ಹೇಳಿ. ಹೆಸರಿನ ಅರ್ಥ ಬರೆಯಿರಿ.

ನಿಮ್ಮ ವಿದ್ಯಾರ್ಥಿನಿ
ಸೌಂದರ್ಯಾ ಶಂಕ್ರೆಪ್ಪ


ಬ್ರಾಡ್‌ಫರ್ಡ್
18 ಅಕ್ಟೋಬರ್ 2024

ಸರ್,

ಏಳು ವಾರವಾದರೂ ಉತ್ತರವಿಲ್ಲ. ನಿಮಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಊರಲ್ಲಿರುವ ತಮ್ಮ ಮುತ್ತುರಾಜನನ್ನು ಕೇಳಿದೆ. ಅವನು ನಿಮ್ಮೂರ ಸಂತೆಗೆ ಬಂದಾಗ ನೀವು ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತದ್ದನ್ನು ನೋಡಿದನಂತೆ. ವಿಳಾಸವೇ ತಪ್ಪಿರಬೇಕೆಂದು ಅವನಿಂದ ಪೂರ್ತಿ ವಿಳಾಸ ಬರೆಸಿಕೊಂಡೆ. ಇದಾದರೂ ಮುಟ್ಟಲಿ.

ಒಂದು ಕೆಲಸ ಮುಗಿಸಿದ ಸಮಾಧಾನದಲ್ಲಿ ಬರೆಯುತ್ತಿದ್ದೇನೆ. ಎನಿಡ್ ಅಜ್ಜಿಯ ಗಂಡನ ತಮ್ಮನ ಸುದ್ದಿ ಸಿಕ್ಕಿತು. ಲೆನರ್ಡ್ 2009ರಲ್ಲೇ ತೀರಿಕೊಂಡಿದ್ದಾರೆ. ಹೇಳುವುದೋ ಬಿಡುವುದೋ ಎಂದು ನಮ್ಮಲ್ಲಿ ಎರಡು ದಿನ ಚರ್ಚೆಯಾಯಿತು. ಮ್ಯಾನೇಜರ್ 'ಸುಳ್ಳು ಭರವಸೆಯಲ್ಲಿ ಇಡಬಾರದು, ನೀನೇ ಹೇಳು, ನಿನ್ನ ಕೈಯನ್ನು ಅವರು ಹಿಡಿಯುತ್ತಾರೆ' ಎಂದರು.

ಮಂಗಳವಾರ, ಹದಿನೈದನೇ ತಾರೀಖು, ಮಧ್ಯಾಹ್ನದ ಊಟವಾದ ಮೇಲೆ ಪಕ್ಕದಲ್ಲಿ ಕೂತೆ. ಲಕ್ವ ಹೊಡೆದವರ ಜೊತೆ ಅವರು ಬಳಸುವ ಪದಗಳನ್ನೇ ಬಳಸಬೇಕು, ಆಗ ಬೇಗ ತಿಳಿಯುತ್ತದೆ ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದಾರೆ. ಅದಕ್ಕೇ ಅವರು ಅನ್ನುವ ಹಾಗೇ ಎಳೆದು, ಕಿವಿಯ ಹತ್ತಿರ ಜೋರಾಗಿ ಹೇಳಿದೆ. 'ಹಿಜ್ ಬ್ರ… ಈಸ್ ಗಾನ್, ಎನಿಡ್.' ಹೋದರು ಎಂದು. ಸತ್ತರು ಅನ್ನುವುದು ಇಲ್ಲಿಯೂ ಒರಟು, 'ಗಾನ್' ಅನ್ನುತ್ತಾರೆ.

ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಸ್ಪಷ್ಟವಾಗಿ ಕೇಳಿದರು: 'ಎಲ್ಲವೂ ಹೋಯಿತೇ?'

ಪಾಪ, ಬುದ್ಧಿ ಕಲಸಿದೆ. ಒಬ್ಬ ಮನುಷ್ಯನಿಗೆ ಎಲ್ಲವೂ ಏನು, ಅರ್ಧ ಏನು? ನಾನು 'ಹೌದು, ಎನಿಡ್, ಸಾರಿ' ಎಂದೆ. ಸಂಜೆ ಗೋಡೆಯ ಚಿತ್ರವನ್ನು ತಾವೇ ಕಿತ್ತು ಡ್ರಾಯರಿನಲ್ಲಿ ಬೋರಲು ಹಾಕಿದರು. ಅಂದಿನಿಂದ 'ಹಿಜ್ ಬ್ರದರ್' ಎಂಬ ಮಾತಿಲ್ಲ. ಶಾಂತವಾಗಿದ್ದಾರೆ. ಸತ್ಯ ಗೊತ್ತಾದರೆ ಮನುಷ್ಯ ಸುಮ್ಮನಾಗುತ್ತಾನೆ ಎಂದು ನೀವು ಹೇಳುತ್ತಿದ್ದಿರಿ.

ಹಿಂದಿನ ಕಾಗದದಲ್ಲಿ ಆ ಚಿತ್ರದ ಊರ ಹೆಸರಿನ ಅರ್ಥ ಕೇಳಿದ್ದೆ. ಈಗ ಅವಸರವಿಲ್ಲ.

ಸೌಂದರ್ಯಾ


ದೇವರ ಹಿಪ್ಪರಗಿ
28 ಅಕ್ಟೋಬರ್ 2024

ಚಿ. ಸೌಂದರ್ಯಾಳಿಗೆ ಬಸಂತರಾಯನ ಆಶೀರ್ವಾದ.

ಸೆಪ್ಟೆಂಬರ್ ಒಂದರ ನಿನ್ನ ಕಾಗದ ಅಕ್ಟೋಬರ್ ಹತ್ತೊಂಬತ್ತಕ್ಕೆ ಮುಟ್ಟಿತು. ತಡವಾದದ್ದರ ತಪ್ಪು ನಿನ್ನದು. ನೀನು ಬರೀ 'ಹಿಪ್ಪರಗಿ' ಎಂದು ಬರೆದಿದ್ದೀ, ಪಿನ್‌ಕೋಡಿನಲ್ಲಿ ಒಂದು ಅಂಕಿಯೂ ತಪ್ಪು. ಕಾಗದ ಜಮಖಂಡಿ ಕಡೆಯ ಹಿಪ್ಪರಗಿಗೆ ಹೋಗಿ, ಅಲ್ಲಿ ನನ್ನ ಹೆಸರಿನವರಿಲ್ಲದೆ ಸುತ್ತಿ ಬಂದಿದೆ. ಅಂಚೆಯ ಯಾಕೂಬಸಾಬ ಕೈಗೆ ಕೊಡುತ್ತ ಏನೋ ಅಂದು ನಕ್ಕ. ನಾನು ಬರೆಯುವ ಪಾಟಿ ಮುಂದೆ ಹಿಡಿದೆ. 'ಮಾಸ್ತರ, ನಿಮ್ಮ ಶಿಷ್ಯೆ ದೇವರನ್ನ ಬಿಟ್ಟಾಳ' ಎಂದು ಬರೆದ. ಬಾಯಿಯಲ್ಲಿ ನಾವೆಲ್ಲ 'ಹಿಪ್ಪರಗಿ' ಅಂತಲೇ ಅನ್ನುತ್ತೇವೆ, ನಿಜ. ಆದರೆ ಬರೆಯುವಾಗ ಬರೆಯುವ ಹಾಗೆ ಬರೆಯಬೇಕು.

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಒಂದು ತಪ್ಪೊಪ್ಪಿಗೆ. 'ಅಕ್ಷರ ಇದ್ದಂಗ ಓದು' ಎಂದು ನಾನು ಕಲಿಸಿದ್ದು ಇಂಗ್ಲಿಷಿನ ಊರ ಹೆಸರುಗಳಿಗೆ ಸಲ್ಲುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು. 1994ರಲ್ಲಿ ನಾನು ಇಂಡಿ ಊರಿನ ಶಾಲೆಯಲ್ಲಿ ನೌಕರಿಯಲ್ಲಿದ್ದಾಗ ಬೆಂಗಳೂರಿನ ಒಂದು ತರಬೇತಿಗೆ ಕಳಿಸಿದ್ದರು. ಪಾಠ ಓದುವ ಸರದಿ ನನ್ನದು ಬಂತು. ಪಾಠದಲ್ಲಿ ಲೆಸ್ಟರ್ ಎಂಬ ಊರಿತ್ತು. ಬರೆಯುವುದು ಎಲ್, ಇ, ಐ, ಸಿ, ಇ, ಎಸ್, ಟಿ, ಇ, ಆರ್ ಎಂದು. ನಾನು ನಿಂತು, ಗಟ್ಟಿಯಾಗಿ, 'ಲೈಸೆಸ್ಟರ್' ಎಂದೆ. ನಲವತ್ತು ಮಂದಿ ಮಾಸ್ತರರು ನಕ್ಕರು. ಹಿಂದಿನಿಂದ ಯಾರೋ 'ವಿಜಾಪುರದ ಲೈಸೆನ್ಸ್ ಬಂತು' ಎಂದ. ಊಟಕ್ಕೆ ಹೋಗಲಿಲ್ಲ. ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಉಚ್ಚಾರಣೆಯ ನಿಘಂಟು ಕೊಂಡು ರೈಲು ಹತ್ತಿದೆ.

ಅಂದಿನಿಂದ ಬರಹಕ್ಕೂ ಬಾಯಿಗೂ ತಾಳೆಯಾಗದ ಊರ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದೆ. ಮುನ್ನೂರ ನಲವತ್ತು ಆಗಿವೆ. ಯಾವುದನ್ನೂ ಒಬ್ಬ ಇಂಗ್ಲಿಷಿನವನ ಬಾಯಿಂದ ಕೇಳಿಲ್ಲ. ಈಗ ಕೇಳುವ ಕಿವಿಯೂ ಇಲ್ಲ. ತರಗತಿಯಲ್ಲಿ ಹೇಳಲಿಲ್ಲ ಏಕೆಂದರೆ, ಆರಂಭದಲ್ಲೇ ಅಪವಾದ ಕಲಿಸಿದರೆ ಮಕ್ಕಳು ಓದುವುದನ್ನೇ ಬಿಡುತ್ತಾರೆ ಎಂದುಕೊಂಡೆ. ನಿನ್ನ ಕಾಗದ ಓದಿದರೆ ನಿನ್ನನ್ನೂ ನೋಡಿ ಯಾರೋ ನಕ್ಕಿರಬೇಕು ಅನ್ನಿಸುತ್ತದೆ. ನೀನು ಬರೆದಿಲ್ಲ, ಆದರೆ ನನಗೆ ಗೊತ್ತಾಗುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಉತ್ತರ. ಮೊದಲು ಕೀತ್ಲಿ. ಕೊನೆಯ 'ಲಿ' ಎಂದರೆ ಕಾಡು ಕಡಿದು ಮಾಡಿದ ಬಯಲು. ಮುಂದಿನದು ಒಬ್ಬ ಮನುಷ್ಯನ ಹೆಸರು. ನಡುವಿನ ಅಕ್ಷರಗಳು ಹಿಂದೆ ಗಂಟಲಿನಲ್ಲಿ ಉಸುರಿನ ಹಾಗೆ ನುಡಿಯುತ್ತಿದ್ದವು. ಆ ಧ್ವನಿಯೇ ಇಂಗ್ಲಿಷಿನಿಂದ ಹೋಯಿತು. ಆ ಊರಿನವರು ಅದರ ಜಾಗಕ್ಕೆ ಹತ್ತಿರದ ಇನ್ನೊಂದು ಧ್ವನಿ ಹಾಕಿಕೊಂಡರು. ನೀನಿರುವ ಬ್ರಾಡ್‌ಫರ್ಡ್ ಎಂದರೆ ಅಗಲವಾದ ಹಾಯ್ಗಡ, ಹೊಳೆ ದಾಟುವ ಜಾಗ.

ಇನ್ನು ನಿನ್ನ ಹ್ಯಾಪಿಸ್‌ಬರ್ಗ್. ನನ್ನ ನೋಟ್‌ಬುಕ್ಕಿನಲ್ಲಿ ಅದು 117ನೆಯದು. ಸಂತೋಷಕ್ಕೂ ಇದಕ್ಕೂ ಸಂಬಂಧವಿಲ್ಲ. ಹ್ಯಾಪ್ ಎಂಬುವನೊಬ್ಬನಿದ್ದ. 'ಬರ್ಗ್' ಎಂದರೆ ಭದ್ರಪಡಿಸಿದ ಸ್ಥಳ, ಕೋಟೆ ಅನ್ನು, ವಾಡೆ ಅನ್ನು. ಹ್ಯಾಪನ ವಾಡೆ. 1086ರಲ್ಲಿ ಅವರ ರಾಜ ದೇಶದ ಹೊಲ ಮನೆಗಳ ಲೆಕ್ಕ ಬರೆಸಿದ ದಫ್ತರಿನಲ್ಲೇ ಆ ಹೆಸರಿದೆ. ಪೂರ್ವ ದಿಕ್ಕಿನ ನಾರ್ಫೊಕ್ ಪ್ರಾಂತದ ಸಮುದ್ರದಂಡೆಯ ಹಳ್ಳಿ. ದಂಡೆ ಮಣ್ಣಿನದು, ಕುಸಿಯುತ್ತಿದೆ, ಮನೆಗಳು ಸಮುದ್ರಕ್ಕೆ ಬೀಳುತ್ತಿವೆ ಎಂದು ಪತ್ರಿಕೆಯಲ್ಲಿ ಓದಿ ಕತ್ತರಿಸಿಟ್ಟಿದ್ದೇನೆ.

ಉಚ್ಚಾರ ಎಲ್ಲಕ್ಕಿಂತ ವಿಚಿತ್ರ. ಎರಡು 'ಪಿ'ಯೂ ಬಾಯಿಗೆ ಬರುವುದಿಲ್ಲ. ಕೊನೆಯ 'ಜಿ', 'ಎಚ್' ಬರುವುದಿಲ್ಲ. ಬರೆಯುವುದು ಹ್ಯಾಪಿಸ್‌ಬರ್ಗ್, ಅನ್ನುವುದು ಹೇಜ್‌ಬ್ರ. ಆ ಊರಿನವರಲ್ಲದ ಅನೇಕ ಇಂಗ್ಲಿಷರಿಗೂ ಇದು ಗೊತ್ತಿರಲಾರದು. ನಾಳೆ ಬೆಳಿಗ್ಗೆ ಆ ಮುದುಕಿಯ ಮುಂದೆ ಹಾಗೆ ಅಂದು ನೋಡು. ಯಂಕಂಚಿಯ ಹುಡುಗಿ ಸರಿಯಾಗಿ ಅಂದಳು ಎಂದು ಅವರು ಬೆರಗಾಗಬೇಕು.

ನಿಘಂಟು, ಕತ್ತರಿಸಿಟ್ಟ ಪತ್ರಿಕೆ, ಎಲ್ಲ ತಾಳೆ ನೋಡಿ ಬರೆದಿದ್ದೇನೆ. ತಪ್ಪಿಲ್ಲ. ಗಂಡನ ತಮ್ಮ ಸಿಕ್ಕರೆ ತಿಳಿಸು.

ಬಸಂತರಾಯ


ದೇವರ ಹಿಪ್ಪರಗಿ
5 ನವೆಂಬರ್ 2024, ಮಂಗಳವಾರ

ಸೌಂದರ್ಯಾ,

ಈ ಕಾಗದ ಮುಟ್ಟುವ ಮೊದಲೇ ನಿನಗೆ ವಿಷಯ ತಿಳಿದಿರುತ್ತದೆ. ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನಿನ್ನ ನಂಬರಿಗೆ ಸಂದೇಶ ಕಳಿಸಿದ್ದೇನೆ. ಆದರೂ ಹೇಗೆ ನಡೆಯಿತೆಂದು ಬರೆದಿಡುವುದು ನನ್ನ ಕರ್ತವ್ಯ.

ಹದಿನೆಂಟರ ನಿನ್ನ ಕಾಗದ ಇವತ್ತು ಹತ್ತೂವರೆಗೆ ಬಂತು. ನಿನ್ನ ಕಾಗದಗಳನ್ನು ನಾನು ಇಂದುಬಾಯಿಗೆ ಓದಿ ಹೇಳುತ್ತೇನೆ. ನನ್ನ ಧ್ವನಿ ನನಗೆ ಕೇಳುವುದಿಲ್ಲ, ಅವಳಿಗೆ ಕೇಳುತ್ತದೆ. ಅವಳ ತುಟಿ ನಾನು ಓದಬಲ್ಲೆ, ಐವತ್ತು ವರ್ಷದ ಸಂಸಾರದ ರೂಢಿ. ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. 'ಎಲ್ಲವೂ ಹೋಯಿತೇ' ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು.

'ಇನ್ನೊಮ್ಮೆ ಓದ್ರಿ' ಅಂದಳು. ಓದಿದೆ.

'ಆಕಿ ಮನಷ್ಯಾನ್ನ ಕೇಳಿಲ್ರಿ. ಊರ ಕೇಳ್ಯಾಳ.'

'ಗಂಡನ ತಮ್ಮ ಅಂತ ಬರದಾಳಲ್ಲ.'

'ಸೌಂದರ್ಯಾ ಬರದಾಳ. ಮುದುಕಿ ಎಲ್ಲಿ ಅಂದಾಳ? ಮನಷ್ಯಾ ಸತ್ತರ ಎಲ್ಲಾ ಹೋತೇನು ಅಂತ ಯಾರರೆ ಕೇಳ್ತಾರೇನ್ರಿ? ಅದನ್ನ ಕೇಳೂದು ಊರಿಗೆ. ನಾ ಕೇಳಿಲ್ಲೇನು ನಿಮ್ಮನ್ನ?'

ಅವಳು ಕೇಳಿದ್ದು ನಿನಗೆ ಗೊತ್ತಿಲ್ಲ, ಹೇಳಬೇಕು. ಅವಳ ತವರು ಬಸವನ ಬಾಗೇವಾಡಿ ತಾಲ್ಲೂಕಿನ ಹೊಳೆದಂಡೆಯ ಊರು. ಆಲಮಟ್ಟಿಯ ಹಿನ್ನೀರು ಬಂದಾಗ ನಾನು ಮುದ್ದೇಬಿಹಾಳದಲ್ಲಿ ಮಾಸ್ತರ. ಬಾಗೇವಾಡಿಗೆ ಹೋದವನು ಸುದ್ದಿ ಕೇಳಿಕೊಂಡು ಬಂದು, 'ನಿಮ್ಮ ಊರು ಹೋತು' ಎಂದೆ. ಅವಳು 'ಎಲ್ಲಾ ಹೋತೇನ್ರಿ?' ಎಂದು ಕೇಳಿದಳು. ನಾನು ಕಣ್ಣಾರೆ ನೋಡಿರಲಿಲ್ಲ. 'ಹೂಂ' ಎಂದು ಪೇಪರ್ ತೆಗೆದುಕೊಂಡು ಕೂತೆ. ಎರಡು ವರ್ಷದ ಮೇಲೆ ಅವಳ ಅಣ್ಣ ಬಂದು, ಮೇಲಿನ ಓಣಿಯೂ ಹಣಮಪ್ಪನ ಗುಡಿಯೂ ದಿಬ್ಬದ ಮೇಲೆ ಉಳಿದಿವೆ ಎಂದ. ಆ ಎರಡು ವರ್ಷ ಅವಳು ತವರಿನ ಮಾತೇ ಎತ್ತಿರಲಿಲ್ಲ. ಸಮಾಧಾನವಾಗಿದ್ದಾಳೆ ಎಂದು ನಾನು ತಿಳಿದಿದ್ದೆ.

ಮೊದಲ ಕಾಗದ ತೆಗೆದು ನೋಡಿದೆ. 'ಹಿಜ್ ಬ್ರ' ಎಂದು ನೀನು ಬರೆದಿದ್ದೆ. ನನ್ನ ನೋಟ್‌ಬುಕ್ಕಿನ 117ರಲ್ಲಿ 'ಹೇಜ್‌ಬ್ರ' ಎಂದು ನಾನೇ ಬರೆದಿದ್ದೆ. ಎರಡೂ ಒಂದೇ ಮೇಜಿನ ಮೇಲೆ ಒಂಬತ್ತು ದಿನ ಇದ್ದವು. ಹತ್ತೊಂಬತ್ತಕ್ಕೆ ಬಂದ ಕಾಗದಕ್ಕೆ ಇಪ್ಪತ್ತೆಂಟಕ್ಕೆ ಉತ್ತರ ಬರೆದೆ ಎಂಬುದನ್ನು ನೀನು ಗಮನಿಸಿರಬಹುದು. ಆ ದಿನಗಳಲ್ಲಿ ಮೂರು ಸಲ ಕರಡು ಮಾಡಿ, ಮೂರು ಸಲ ತಿದ್ದಿದೆ. ನನಗೆ ಎಷ್ಟು ಗೊತ್ತಿದೆ ಎಂದು ತೋರಿಸುವುದಿತ್ತು. ಎರಡು ಸಾಲು ಬರೆದು ಅಂದೇ ಹಾಕಿದ್ದರೆ ಅದು ಇಷ್ಟರಲ್ಲಿ ನಿನ್ನ ಕೈಯಲ್ಲಿರುತ್ತಿತ್ತು.

ಚಪ್ಪಲಿ ಮೆಟ್ಟಿ ಚೇತನಕುಮಾರನ ಝೆರಾಕ್ಸ್ ಅಂಗಡಿಗೆ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ, ನಡು ವಯಸ್ಸಿನವ. ನಾನು ಹೇಳಿದೆ, ಅವನು ಮೊಬೈಲಿನಲ್ಲಿ ಒತ್ತಿದ. ಇಂದುಬಾಯಿ ಹಿಂದೆಯೇ ಬಂದಿದ್ದಳು. ಚೇತನ ಅಂದದ್ದನ್ನು ಅವಳು ಪಾಟಿಯ ಮೇಲೆ ಬರೆದು ತೋರಿಸಿದಳು: 'ಸರ, ಇದು ಊರ ಹೆಸರೋ ಬೈಗುಳೋ?' ನಾನು 'ಮೊದಲ ಊರು ಐತೋ ಇಲ್ಲೋ ನೋಡು' ಎಂದೆ. ಅವನು ನಕ್ಷೆ ತೆಗೆದು ಮೇಲಿನಿಂದ ತೋರಿಸಿದ. ಚರ್ಚಿನ ಗೋಪುರ ಇದೆ. ಕೆಂಪು ಪಟ್ಟಿಯ ದೀಪಸ್ತಂಭ ಇದೆ. ದಂಡೆಯ ಕಡೆಯ ಒಂದು ರಸ್ತೆ ಅರ್ಧಕ್ಕೆ ತುಂಡಾಗಿದೆ. ನೋಟ್‌ಬುಕ್ಕಿನ ಹೆಸರೊಂದನ್ನು ಊರಾಗಿ ನಾನು ನೋಡಿದ್ದು ಅದೇ ಮೊದಲು.

ಕಳಿಸಿದ್ದು ಇಷ್ಟು: 'ಆಕೆ ಕೇಳುತ್ತಿದ್ದದ್ದು ಗಂಡನ ತಮ್ಮನನ್ನಲ್ಲ, ಗೋಡೆಯ ಚಿತ್ರದ ಊರನ್ನು. ಬರೆಯುವುದು ಹ್ಯಾಪಿಸ್‌ಬರ್ಗ್, ಅನ್ನುವುದು ಹೇಜ್‌ಬ್ರ. ಊರು ಸಮುದ್ರಕ್ಕೆ ಹೋಯಿತೆಂದು ತಿಳಿದಿದ್ದಾರೆ. ಊರು ಇದೆ. ಬಾಯಿಂದ ಹೇಳಬೇಡ, ದೊಡ್ಡ ಅಕ್ಷರದಲ್ಲಿ ಬರೆದು ತೋರಿಸು.'

ಕೊನೆಯ ಮಾತು ಕಿವುಡನ ಅನುಭವ. ಜನ ನಮ್ಮ ಹತ್ತಿರ ಕೂಗುತ್ತಾರೆ. ಕೂಗಿದಷ್ಟೂ ಮಾತು ಒಡೆದು ಬೇರೆ ಮಾತಾಗುತ್ತದೆ.

ಇಂದುಬಾಯಿ ಆ ಮುದುಕಿ ಉಂಡಳೋ ಇಲ್ಲೋ ಎಂದು ಕೇಳುತ್ತಿದ್ದಾಳೆ. ನೀನು ಅದನ್ನು ಬರೆದಿರಲಿಲ್ಲ.

ಬಸಂತರಾಯ


ಬ್ರಾಡ್‌ಫರ್ಡ್
24 ನವೆಂಬರ್ 2024

ಸರ್,

ಸಂದೇಶ ಮುಟ್ಟಿತು ಎಂದಷ್ಟೇ ಅವತ್ತು ಉತ್ತರ ಕಳಿಸಿದ್ದೆ. ಮುಂದಿನದು ಬರೆಯಲು ಇಷ್ಟು ದಿನ ಬೇಕಾಯಿತು.

ನಿಮ್ಮ ಐದನೇ ತಾರೀಖಿನ ಕಾಗದವೂ ಮೊನ್ನೆ ಬಂತು. ಅದರಲ್ಲಿನ ಇಂದುಬಾಯಿಯವರ ಪ್ರಶ್ನೆಗೆ ಮೊದಲು ಉತ್ತರ. ಅಜ್ಜಿ ಉಣ್ಣುತ್ತಿರಲಿಲ್ಲ. ಶಾಂತವಾಗಿದ್ದಾರೆ ಎಂದು ನಿಮಗೆ ಬರೆದ ದಿನ ಅವರು ಊಟ ಬಿಟ್ಟು ಮೂರು ದಿನವಾಗಿತ್ತು. ಚಮಚ ತಂದರೆ ಬಾಯಿ ಮುಚ್ಚುತ್ತಿದ್ದರು, ಒಂದೆರಡು ಗುಟುಕು ಹಾಲು ಒಳಗೆ ಹೋದರೆ ಹೆಚ್ಚು. ವಯಸ್ಸು ಎಂದುಕೊಂಡೆವು. ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ನಾವು ದಿನಾ ಪ್ರತಿಯೊಬ್ಬರ ಬಗ್ಗೆ ದಾಖಲೆಯಲ್ಲಿ ಬರೆಯಬೇಕು. 'ಎಲ್ಲವೂ ಹೋಯಿತೇ' ಎಂದು ಕೇಳಿದ ದಿನ ನಾನು ಬರೆದದ್ದು: 'ನಿವಾಸಿ ಗೊಂದಲದಲ್ಲಿದ್ದಾರೆ.' ಅದನ್ನು ಓದಿ ಡಾಕ್ಟರು ಮಂಪರಿನ ಗುಳಿಗೆ ಶುರು ಮಾಡಿದರು.

ನಿಮ್ಮ ಸಂದೇಶ ಬಂದಾಗ ಇಲ್ಲಿ ಬೆಳಿಗ್ಗೆ ಆರೂ ನಲವತ್ತು. ಓದಿ, ಕೋಟು ಹಾಕಿಕೊಂಡು ಓಡಿದೆ. ಡ್ರಾಯರಿನಿಂದ ಚಿತ್ರ ತೆಗೆದು ಮುಂದೆ ಹಿಡಿದು 'ಹೇಜ್‌ಬ್ರ' ಎಂದೆ. ನೀವು ಬರೆಯಬೇಕೆಂದಿದ್ದಿರಿ, ನಾನು ಆತುರದಲ್ಲಿ ಬಾಯಿಬಿಟ್ಟೆ. ಅಜ್ಜಿ ಮುಖ ಗೋಡೆಗೆ ತಿರುಗಿಸಿದರು. ಸತ್ತವರ ಸುದ್ದಿಯನ್ನು ಮತ್ತೆ ಹೇಳಲು ಬಂದವಳ ಹಾಗೆ ನಾನು ನಿಂತಿದ್ದೆ.

ಆಮೇಲೆ ಊಟದ ಪಟ್ಟಿಯ ಹಿಂಬದಿಗೆ ದಪ್ಪ ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ ಬರೆದೆ. 'ಹ್ಯಾಪಿಸ್‌ಬರ್ಗ್ ಇನ್ನೂ ಇದೆ.' ಅಜ್ಜಿಗೆ ಕನ್ನಡಕ ಹಾಕಿದೆ. ಅವರು ಅದನ್ನು ಓದಿ, ನನ್ನನ್ನು ನೋಡಿ, 'ಹೋಯಿತು ಎಂದು ನೀನೇ ಹೇಳಿದೆ' ಅಂದರು. 'ನಾನು ತಪ್ಪು ಹೇಳಿದೆ' ಎಂದು ಬರೆದೆ. ನಂಬಲಿಲ್ಲ. ಒಮ್ಮೆ ತಪ್ಪು ಹೇಳಿದವಳು ಎರಡನೇ ಸಲ ನಿಜ ಹೇಳುತ್ತಾಳೆ ಎಂದು ಯಾಕೆ ನಂಬಬೇಕು?

ನಮ್ಮ ಅಡುಗೆಯ ಫಿಲಿಪ್ಪೀನ್ಸಿನ ಹೆಂಗಸು ತನ್ನ ಮೊಬೈಲಿನಿಂದ ಆ ಊರಿನ ಒಂದು ಅಂಗಡಿಗೆ ಫೋನ್ ಹಚ್ಚಿದಳು. ಫೋನ್ ಎತ್ತಿದ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು ತಟ್ಟನೆ ಇಟ್ಟುಬಿಟ್ಟಳು. ಸಿಟ್ಟಾದಳೆಂದು ತಿಳಿದೆವು. ಒಂದು ಗಂಟೆಯೊಳಗೆ ಅದೇ ಮೊಬೈಲಿಗೆ ಆರು ಚಿತ್ರ ಕಳಿಸಿದಳು. ಚರ್ಚು, ದೀಪಸ್ತಂಭ, ಬೀದಿ. ಪ್ರತಿ ಚಿತ್ರದಲ್ಲೂ ಅವತ್ತಿನ ಪತ್ರಿಕೆಯನ್ನು ಮುಂದೆ ಹಿಡಿದಿದ್ದಳು, ತಾರೀಖು ಕಾಣುವ ಹಾಗೆ. ನಿಮ್ಮ ಶಿಷ್ಯೆಯಾಗಬಹುದಿತ್ತು.

ಅಜ್ಜಿ ತಾರೀಖು ಓದಿದರು. ಆಮೇಲೆ ಚರ್ಚಿನ ಮೇಲೆ ಬೆರಳಿಟ್ಟರು, ದೀಪಸ್ತಂಭದ ಮೇಲೆ ಇಟ್ಟರು. 'ಬೀಚ್ ರೋಡ್?' ಎಂದು ಕೇಳಿದರು. ಅವರ ಮನೆ ಇದ್ದದ್ದು ಅಲ್ಲಿ. ನೀವು ನಕ್ಷೆಯಲ್ಲಿ ಕಂಡ ತುಂಡು ರಸ್ತೆ ಅದು. ಆ ಹೆಣ್ಣುಮಗಳೂ ಅದರ ಚಿತ್ರ ಕಳಿಸಿರಲಿಲ್ಲ. ನಾನು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. 'ಆ ಕಡೆಯ ಮನೆಗಳು ಹೋಗಿವೆ' ಎಂದು ಬರೆದು ತೋರಿಸಿದೆ.

'ಅದು ಗೊತ್ತು' ಅಂದರು ಅಜ್ಜಿ. 'ಅದು ಹೋಗುವಾಗ ನಾನು ನಿಂತು ನೋಡಿದೆ.'

ಮಧ್ಯಾಹ್ನ ಅರ್ಧ ಬಟ್ಟಲು ಸೂಪು ಕುಡಿದರು.

ಕರೆದುಕೊಂಡು ಹೋಗಬೇಕೆಂದು ಕೇಳಿದೆ. ಅಷ್ಟು ದೂರದ ದಾರಿ ದೇಹ ತಡೆಯುವುದಿಲ್ಲ, ಮೂರು ವಾರ ಮೊದಲಾಗಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರು. ಮೂರು ವಾರದ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅಕ್ಟೋಬರ್ ಇಪ್ಪತ್ತೆಂಟರ ನಿಮ್ಮ ಉದ್ದದ ಕಾಗದ ಹದಿಮೂರಕ್ಕೆ ಬಂತು. ಅದರ ಬಗ್ಗೆ ನೀವು ಬೇಸರಪಡಬೇಡಿ. ಅದನ್ನು ನಾಲ್ಕು ಹಾಳೆಯಲ್ಲಿ ಇಂಗ್ಲಿಷಿಗೆ ಬರೆದು ಅಜ್ಜಿಗೆ ಓದಲು ಕೊಟ್ಟೆ. ಲೈಸೆಸ್ಟರಿನ ಕಡೆ ಬಂದಾಗ ನಕ್ಕರು, ನಗುವುದು ಒಂದೇ ಕಡೆಯ ಬಾಯಿಯಿಂದ. ಹ್ಯಾಪನ ವಾಡೆ ಎಂಬುದನ್ನು ಎರಡು ಸಲ ಓದಿದರು. 'ತೊಂಬತ್ತೊಂದು ವರ್ಷ ಆಯಿತು, ಈ ಹ್ಯಾಪ್ ಯಾರೆಂದು ನನಗೆ ಯಾರೂ ಹೇಳಿರಲಿಲ್ಲ. ಭಾರತದ ಮಾಸ್ತರ ಹೇಳಬೇಕಾಯಿತು' ಎಂದು ತಡೆತಡೆದು ಅಂದರು. ಹಾಳೆಯನ್ನು ಎದೆಯ ಮೇಲೆ ಇಟ್ಟುಕೊಂಡು, 'ಕೋಟೆ ಕಟ್ಟುವವನು ಇನ್ನೊಂದಿಷ್ಟು ಒಳಗೆ ಕಟ್ಟಬೇಕಿತ್ತು' ಅಂದರು.

ಮಂಗಳವಾರ, ಹತ್ತೊಂಬತ್ತನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ ತೀರಿಕೊಂಡರು. ಚಿತ್ರ ಗೋಡೆಯ ಮೇಲಿತ್ತು. ತಮ್ಮ ಬೂದಿಯನ್ನು ಆ ಊರ ಚರ್ಚಿನ ಅಂಗಳಕ್ಕೆ ಕಳಿಸಲು ಮೊದಲೇ ಸಹಿ ಮಾಡಿದ್ದರು. ಅಲ್ಲಿಂದ ಒಪ್ಪಿಗೆ ಬಂದಿದೆ.

ನಿನ್ನೆ ದಾಖಲೆಗೆ ತಿದ್ದುಪಡಿ ಬರೆದೆ. ಮ್ಯಾನೇಜರ್ 'ಅವರು ಹೋಗಿಯಾಯಿತು, ಇದರ ಅಗತ್ಯವಿಲ್ಲ, ನಿನ್ನ ಹೆಸರಿಗೇ ಕಪ್ಪು ಚುಕ್ಕೆ' ಎಂದರು. ಆದರೆ ಬರೆಯಬೇಡ ಎಂದು ತಡೆಯಲಿಲ್ಲ. ನಾನು ಬರೆದದ್ದು: 'ಅಕ್ಟೋಬರ್ 15ರ ನಮೂದು ತಪ್ಪು. ನಿವಾಸಿ ಗೊಂದಲದಲ್ಲಿರಲಿಲ್ಲ. ತಮ್ಮ ಊರನ್ನು ಹೆಸರು ಹಿಡಿದು ಕೇಳುತ್ತಿದ್ದರು. ಆ ಹೆಸರು ನನಗೆ ತಿಳಿಯಲಿಲ್ಲ. ಊರು ಇಲ್ಲವಾಯಿತೆಂದು ಅವರಿಗೆ ನಾನು ಹೇಳಿದೆ. ನವೆಂಬರ್ 5ರಂದು ಸರಿಪಡಿಸಲಾಯಿತು.'

ಬರೆದ ಮೇಲೆ ಇನ್ನೊಮ್ಮೆ ಓದಿದೆ. ಕೊನೆಯ ವಾಕ್ಯ ಪೂರ್ತಿ ನಿಜವಲ್ಲ, ಸರ್. ಹದಿನೈದರಿಂದ ಐದರವರೆಗೆ ಇಪ್ಪತ್ತೊಂದು ದಿನ. ಅಷ್ಟು ದಿನ ಆ ಹಾಸಿಗೆಯ ಮೇಲೆ ಮಲಗಿ ಅವರು ಚರ್ಚು, ದೀಪಸ್ತಂಭ, ಬೀದಿ ಎಲ್ಲವನ್ನೂ ನನ್ನ ಮಾತಿನ ಮೇಲೆ ಒಂದೊಂದಾಗಿ ನೀರಿಗೆ ಬಿಟ್ಟಿರಬೇಕು. ಅದನ್ನು ಬರೆಯುವ ಕಾಲಂ ನಮ್ಮ ದಾಖಲೆಯಲ್ಲಿಲ್ಲ. ಅದಕ್ಕೇ ನಿಮಗೆ ಬರೆದೆ.

ಸೌಂದರ್ಯಾ